ಅಂಚೆ ಚೀಟಿಯ ಮೇಲೆ ಯಾರ ಮುಖ? ತೀರ್ಮಾನ ಮಾಡುವವರು ಯಾರು?

2010ರ ಡಿಸೆಂಬರಿನಲ್ಲಿ ಅಮೆರಿಕದ ಅಂಚೆ ಇಲಾಖೆ ಒಂದು ಹೊಸ ಚೀಟಿ ತಂದಿತು. ಅದರ ಮೇಲೆ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಮುಖ. ಇದಕ್ಕಿಂತ ಸಲೀಸಾದ ಆಯ್ಕೆ ಇನ್ನೇನಿದೆ? ದೇಶಕ್ಕೆಲ್ಲ ಗೊತ್ತಿರುವ ಮುಖ, ಯಾರೂ ತಕರಾರು ತೆಗೆಯದ ವಿಷಯ. ನೂರಾರು ಕೋಟಿ ಲೆಕ್ಕದಲ್ಲಿ ಅಚ್ಚು ಹಾಕಿಸಿದರು. ಮೂರು ತಿಂಗಳು ಕಳೆಯುವ ಹೊತ್ತಿಗೆ, ಆ ಪ್ರತಿಮೆಯನ್ನು ಚೆನ್ನಾಗಿ ನೋಡಿ ಅಭ್ಯಾಸವಿದ್ದವರಿಗೆ ಏನೋ ಸರಿ ಇಲ್ಲ ಅನ್ನಿಸಿತು. ಕಣ್ಣುಗಳು ಬೇರೆ. ಕೂದಲು ಬೇರೆ. ಇದು ನ್ಯೂಯಾರ್ಕಿನ ಬಂದರಿನಲ್ಲಿರುವ ಪ್ರತಿಮೆಯೇ ಅಲ್ಲ. ಲಾಸ್ ವೇಗಸ್‌ನ ಒಂದು ಕ್ಯಾಸಿನೊ ಎದುರು ನಿಲ್ಲಿಸಿದ ಅದರ ನಕಲು!

ಫೋಟೊ ಮಾರುವ ಕಂಪನಿಯೊಂದರ ಸಂಗ್ರಹದಿಂದ ಆರಿಸಿದ ಚಿತ್ರ ಅದು. ತಪ್ಪು ಗೊತ್ತಾದ ಮೇಲೂ ಇಲಾಖೆ ಮಾರಾಟ ನಿಲ್ಲಿಸಲಿಲ್ಲ. ನಕಲು ಪ್ರತಿಮೆ ಮಾಡಿದ ಶಿಲ್ಪಿ ರಾಬರ್ಟ್ ಡೇವಿಡ್‌ಸನ್ ಕೋರ್ಟಿಗೆ ಹೋದರು. ನಾನು ಮಾಡಿದ್ದು ಬರೀ ನಕಲಲ್ಲ, ಈ ಮುಖಕ್ಕೆ ನನ್ನದೇ ಆದ ಕಳೆ ಕೊಟ್ಟಿದ್ದೇನೆ ಅಂತ ವಾದಿಸಿದರು. ಕೋರ್ಟು ಒಪ್ಪಿತು. 2018ರಲ್ಲಿ ಸುಮಾರು 35 ಲಕ್ಷ ಡಾಲರ್ ಕೊಡಬೇಕು ಅಂತ ತೀರ್ಪಾಯಿತು.

ಈ ಕಥೆಯಲ್ಲಿ ನಗುವ ವಿಷಯ ಇದ್ದೇ ಇದೆ. ಆದರೆ ನನಗೆ ಕುತೂಹಲ ಬೇರೆ ಕಡೆ. ಚೀಟಿಯ ಮೇಲೆ ಯಾರು ಬರಬೇಕು ಅನ್ನುವುದಕ್ಕೆ ದೇಶದೇಶಗಳಲ್ಲಿ ಸಮಿತಿಗಳಿವೆ, ನಿಯಮಗಳಿವೆ, ವರ್ಷಗಟ್ಟಲೆ ಚರ್ಚೆ ನಡೆಯುತ್ತದೆ. ಇಷ್ಟಿದ್ದೂ ಎಡವುವುದು ಎಲ್ಲಿ? ಹುಡುಕುತ್ತಾ ಹೋದರೆ ಒಂದು ವಿಷಯ ಕಾಣಿಸುತ್ತದೆ. ಚೀಟಿ ಎರಡು ಬಾಗಿಲು ದಾಟಿ ಬರುತ್ತದೆ. ಮೊದಲನೆಯದು, ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಚೀಟಿ ಅನ್ನುವುದು. ಎರಡನೆಯದು, ಅದನ್ನು ಯಾವ ಚಿತ್ರದಲ್ಲಿ ತೋರಿಸಬೇಕು ಅನ್ನುವುದು. ಮೊದಲ ಬಾಗಿಲಲ್ಲಿ ಜನಜಂಗುಳಿ. ಎರಡನೆಯದರ ಹತ್ತಿರ ಯಾರೂ ಸುಳಿಯುವುದಿಲ್ಲ. ಜಗಳ ಆಗುವುದು ಮೊದಲನೆಯದರಲ್ಲಿ, ಅವಾಂತರ ಆಗುವುದು ಎರಡನೆಯದರಲ್ಲಿ.

ಶುರುವಿನಲ್ಲೇ ಹೀಗಿತ್ತು. 1839ರಲ್ಲಿ ಬ್ರಿಟನ್ನಿನ ಖಜಾನೆ ಇಲಾಖೆ ಒಂದು ಸ್ಪರ್ಧೆ ನಡೆಸಿತು. ಅಂಚೆ ಶುಲ್ಕವನ್ನು ಮೊದಲೇ ಕಟ್ಟಿಸಿಕೊಳ್ಳುವುದು ಹೇಗೆ, ಅದಕ್ಕೆ ಗುರುತು ಏನಿರಬೇಕು, ಐಡಿಯಾ ಕೊಡಿ ಅಂತ. 2,600ಕ್ಕೂ ಜಾಸ್ತಿ ಸಲಹೆ ಬಂದವು. ನಾಲ್ವರಿಗೆ ಬಹುಮಾನವನ್ನೂ ಕೊಟ್ಟರು. ಆದರೆ ಒಂದನ್ನೂ ಇದ್ದ ಹಾಗೇ ಬಳಸಲಿಲ್ಲ. ಕೊನೆಗೆ ಅಂಚೆ ಸುಧಾರಣೆಯ ಹೊಣೆ ಹೊತ್ತಿದ್ದ ರೋಲೆಂಡ್ ಹಿಲ್ ಆರಿಸಿಕೊಂಡಿದ್ದು ವಿಕ್ಟೋರಿಯಾ ರಾಣಿಯ ಪಕ್ಕಮುಖ. ವಿಲಿಯಂ ವಯನ್ ಮಾಡಿದ್ದ ಒಂದು ಪದಕದ ಮೇಲಿನ ಚಿತ್ರವನ್ನೇ ಆಧಾರವಾಗಿ ಇಟ್ಟುಕೊಂಡು ಅದನ್ನು ಕೆತ್ತಿಸಿದರು. 1840ರ ಮೇ ತಿಂಗಳಲ್ಲಿ ಬಂದ ಜಗತ್ತಿನ ಮೊದಲ ಅಂಚೆ ಚೀಟಿ, ಪೆನ್ನಿ ಬ್ಲ್ಯಾಕ್, ಅದೇ.

ರಾಣಿಯ ಮೇಲಿನ ಭಕ್ತಿ ಇದ್ದಿರಬಹುದು. ಆದರೆ ಮುಖವನ್ನೇ ಆರಿಸಿದ್ದರ ಹಿಂದೆ ಪಕ್ಕಾ ವ್ಯವಹಾರದ ಲೆಕ್ಕ ಇತ್ತು. ಕಳ್ಳ ಚೀಟಿ ಮಾಡುವವನು ಬಳ್ಳಿ, ಹೂವು, ಗೆರೆಗಳನ್ನು ಹೇಗೋ ನಕಲು ಮಾಡಿಬಿಡುತ್ತಾನೆ, ನೋಡುವವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಖದಲ್ಲಿ ಮೂಗು ಕೂದಲೆಳೆಯಷ್ಟು ಅತ್ತಿತ್ತ ಆದರೂ ಯಾರಿಗಾದರೂ ತಟ್ಟನೆ ಹೊಳೆಯುತ್ತದೆ. ಪರಿಚಯದವರ ಮುಖ ಒಂಚೂರು ಬಾಡಿದರೆ ನಮಗೆ ಗೊತ್ತಾಗುವುದಿಲ್ಲವೇ, ಹಾಗೆ. ಅಂದರೆ ಮೊಟ್ಟಮೊದಲ ಚೀಟಿಯ ವಿನ್ಯಾಸ ಆಯ್ಕೆಯಾಗಿದ್ದು ಹೆಚ್ಚಾಗಿ ಭದ್ರತೆಗೋಸ್ಕರ.

ಅದರ ಜೊತೆಗೇ ಇನ್ನೊಂದು ಬಂತು. ವಿಲಿಯಂ ಮುಲ್‌ರೆಡಿ ಅನ್ನುವ ಹೆಸರಾಂತ ಚಿತ್ರಕಾರರಿಂದ, ಶುಲ್ಕ ಮೊದಲೇ ಕಟ್ಟಿದ ಮುದ್ರಿತ ಲಕೋಟೆಗೆ ಚಿತ್ರ ಬರೆಸಿದ್ದರು. ನಡುವೆ ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ದೇವಿ, ಅವಳ ಕೈಯಿಂದ ಜಗತ್ತಿನ ಮೂಲೆಮೂಲೆಗೆ ಹಾರುವ ದೂತರು, ಆನೆ, ಒಂಟೆ, ಹಡಗು, ಎಲ್ಲವೂ ಒಂದೇ ಚಿತ್ರದಲ್ಲಿ. ಜನ ಬಿದ್ದು ಬಿದ್ದು ನಕ್ಕರು. ಅಣಕು ಲಕೋಟೆಗಳೇ ಅಚ್ಚಾಗಿ ಮಾರಾಟವಾದವು. ಹೊರಬಂದ ಕೆಲವೇ ದಿನಕ್ಕೆ ಹಿಲ್ ತಮ್ಮ ದಿನಚರಿಯಲ್ಲಿ, ಇದರ ಬದಲು ಬೇರೆ ಏನಾದರೂ ತರಬೇಕಾದೀತು ಅಂತ ಬರೆದುಕೊಂಡರು. ರಾಶಿ ರಾಶಿ ಲಕೋಟೆ ಮಾರಾಟವಾಗದೆ ಉಳಿದು ನಾಶವಾಯಿತು. ಎರಡೂ ಒಂದೇ ಕಾಲದಲ್ಲಿ, ಒಂದೇ ಇಲಾಖೆಯಿಂದ ಬಂದವು. ಸರಳವಾಗಿದ್ದದ್ದು ನಿಂತಿತು, ಎಲ್ಲವನ್ನೂ ಹೇಳಲು ಹೋದದ್ದು ಬಿತ್ತು. ಇವತ್ತಿಗೂ ಚೀಟಿ ವಿನ್ಯಾಸಕರ ತಲೆನೋವು ಇದೇ.

ಈಗ ಮೊದಲ ಬಾಗಿಲಿನ ಹತ್ತಿರ ಹೋಗೋಣ. ವಿಷಯ ಆರಿಸುವವರು ಯಾರು?

ಅಮೆರಿಕದಲ್ಲಿ 1957ರಿಂದ ನಾಗರಿಕರ ಒಂದು ಸಲಹಾ ಸಮಿತಿ ಇದೆ. ಇತಿಹಾಸ, ಕಲೆ, ಶಿಕ್ಷಣ, ಕ್ರೀಡೆ ಹೀಗೆ ಬೇರೆ ಬೇರೆ ಕ್ಷೇತ್ರದವರು ಅದರಲ್ಲಿರುತ್ತಾರೆ. ವರ್ಷಕ್ಕೆ ಹತ್ತಾರು ಸಾವಿರ ಸಲಹೆಗಳು ಬರುತ್ತವೆ. ಅದರಲ್ಲಿ ಚೀಟಿಯಾಗುವ ವಿಷಯಗಳು 25-30ರ ಆಸುಪಾಸು. ಬ್ರಿಟನ್ನಿನಲ್ಲಿ 1968ರಿಂದ ಹೀಗೇ ಒಂದು ಸಲಹಾ ಸಮಿತಿ. ಅಲ್ಲಿ ಪ್ರತಿ ಚೀಟಿಯ ವಿನ್ಯಾಸವೂ ಕೊನೆಗೆ ರಾಜ ಅಥವಾ ರಾಣಿಯ ಕೈ ಸೇರಿ ಒಪ್ಪಿಗೆ ಪಡೆಯಬೇಕು. ಭಾರತದಲ್ಲಿ ಫಿಲಾಟೆಲಿಕ್ ಅಡ್ವೈಸರಿ ಕಮಿಟಿ, ಅಂದರೆ ಅಂಚೆ ಚೀಟಿ ಸಲಹಾ ಸಮಿತಿ ಇದೆ, ಅದಕ್ಕೆ ಸಂಪರ್ಕ ಖಾತೆಯ ಮಂತ್ರಿಯೇ ಅಧ್ಯಕ್ಷರು.

ಈ ಎಲ್ಲ ಸಮಿತಿಗಳ ಹೆಸರಿನಲ್ಲೂ ‘ಸಲಹಾ’ ಅನ್ನುವ ಮಾತಿದೆ, ಗಮನಿಸಿದಿರಾ? ಅವರು ಶಿಫಾರಸು ಮಾಡಬಹುದು, ಅಷ್ಟೇ. ಮುದ್ರೆ ಒತ್ತುವವರು ಬೇರೆ. ಅಮೆರಿಕದಲ್ಲಿ ಅಂಚೆ ಇಲಾಖೆಯ ಮುಖ್ಯಸ್ಥರಾದ ಪೋಸ್ಟ್ ಮಾಸ್ಟರ್ ಜನರಲ್, ಬೇರೆ ಕಡೆ ಮಂತ್ರಿಯೋ ಅರಮನೆಯೋ. ಜರ್ಮನಿ ಮಾತ್ರ ನಾನು ಹೇಳಿದ ಎರಡು ಬಾಗಿಲನ್ನು ನಿಜಕ್ಕೂ ಬೇರೆ ಬೇರೆ ಮಾಡಿಟ್ಟಿದೆ. ಚೀಟಿ ಹೊರಡಿಸುವುದು ಅಲ್ಲಿನ ಹಣಕಾಸು ಸಚಿವಾಲಯ. ವಿಷಯ ಆರಿಸಲು ಒಂದು ಮಂಡಳಿ, ಬಂದ ವಿನ್ಯಾಸಗಳಲ್ಲಿ ಒಳ್ಳೆಯದನ್ನು ಆರಿಸಲು ಇನ್ನೊಂದು ಕಲಾ ಮಂಡಳಿ.

ಸಮಿತಿಗಳ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದು ಹೆಚ್ಚಾಗಿ ‘ಬೇಡ’ ಅನ್ನುವ ಕೆಲಸ. ಸಾವಿರಾರು ಅರ್ಜಿಗಳಲ್ಲಿ ಪ್ರತಿಯೊಂದರ ಹಿಂದೆಯೂ ಒಂದು ಊರಿದೆ, ಒಂದು ಸಮುದಾಯವಿದೆ, ಒಂದು ಅಭಿಮಾನಿ ಸಂಘವಿದೆ. ಎಲ್ಲರಿಗೂ ಕಾರಣ ಹೇಳಿ ಬೇಡ ಅನ್ನಲು ಆಗುವುದಿಲ್ಲ. ಅದಕ್ಕೇ ನಿಯಮಗಳು. ಅವುಗಳಲ್ಲಿ ಹೆಚ್ಚಿನವು ಕಾಲಕ್ಕೆ ಸಂಬಂಧಪಟ್ಟವು. ಬದುಕಿರುವವರು ಬೇಡ. ತೀರಿಕೊಂಡವರಾದರೂ ಇಷ್ಟು ವರ್ಷ ಆಗಿರಬೇಕು. ಅಮೆರಿಕದಲ್ಲಿ ಮೊದಲು ಹತ್ತು ವರ್ಷ ಇತ್ತು, ಆಮೇಲೆ ಐದಾಯಿತು, ಈಗ ಮೂರು. ಮಾಜಿ ಅಧ್ಯಕ್ಷರಿಗೆ ಮಾತ್ರ ವಿನಾಯಿತಿ, ತೀರಿಕೊಂಡ ನಂತರದ ಮೊದಲ ಹುಟ್ಟುಹಬ್ಬಕ್ಕೇ ಚೀಟಿ ಬರಬಹುದು. 2011ರಲ್ಲಿ ಬದುಕಿರುವವರನ್ನೂ ಹಾಕೋಣ ಅಂತ ಒಮ್ಮೆ ಹೊರಟು, ಆಮೇಲೆ ಅದನ್ನು ಕೈಬಿಟ್ಟರು.

ಬದುಕಿರುವವರು ಯಾಕೆ ಬೇಡ? ನಾಳೆ ಅವರು ಏನು ಮಾಡುತ್ತಾರೋ ಯಾರಿಗೆ ಗೊತ್ತು, ಅನ್ನುವುದೇ ನೇರ ಉತ್ತರ. ಹತ್ತು ವರ್ಷ ಕಾದರೆ ಹೊಗಳಿಕೆಯ ಅಲೆ ಇಳಿದಿರುತ್ತದೆ, ಹೊರಬರಬೇಕಾದ ಸುದ್ದಿಗಳು ಹೊರಬಂದಿರುತ್ತವೆ. ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನದ ನಿಯಮ ಇದು. ಅದನ್ನು ಮೂರಕ್ಕೆ ಇಳಿಸಿದ್ದು ಅಷ್ಟು ಜಾಣತನದ ಕೆಲಸವಲ್ಲ.

ಹಾಗಂತ ನಿಯಮ ಮುರಿದದ್ದೆಲ್ಲ ಕೆಟ್ಟದ್ದು ಅನ್ನಲೂ ಆಗುವುದಿಲ್ಲ. ಭಾರತದಲ್ಲಿ 1958ರಲ್ಲಿ ಸಮಾಜ ಸುಧಾರಕ ಧೊಂಡೊ ಕೇಶವ ಕರ್ವೆಯವರ ಚೀಟಿ ಬಂದಾಗ ಅವರಿಗೆ ನೂರು ತುಂಬಿತ್ತು, ಇನ್ನೂ ಇದ್ದರು. 1960ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಚೀಟಿಯೂ ಹಾಗೇ, ಅವರ ನೂರನೇ ಹುಟ್ಟುಹಬ್ಬದ ದಿನವೇ ಬಂತು. ಅವರು ತೀರಿಕೊಂಡದ್ದು 1962ರಲ್ಲಿ. ನೂರು ವರ್ಷದ ಬದುಕನ್ನು ನೋಡಿದ ಮೇಲೆ ಇನ್ನು ಕಾಯುವುದಕ್ಕೆ ಏನಿದೆ, ಅಲ್ವಾ? 2013ರಲ್ಲಿ ಸಚಿನ್ ತೆಂಡೂಲ್ಕರ್ ಅವರ ಚೀಟಿ ಬಂದಾಗ ಅವರಿನ್ನೂ ಕೊನೆಯ ಟೆಸ್ಟ್ ಆಡುತ್ತಿದ್ದರು. ಇದನ್ನು ಅದೇ ಸಾಲಿಗೆ ಸೇರಿಸಬಹುದೇ ಅನ್ನುವುದನ್ನು ಓದುಗರಿಗೇ ಬಿಡುತ್ತೇನೆ.

ಕೆಲವೊಮ್ಮೆ ನಿಯಮ ಹಿಂಬಾಗಿಲಿನಿಂದ ಮುರಿಯುತ್ತದೆ. 1999ರಲ್ಲಿ ಬ್ರಿಟನ್ ಗಾಯಕ ಫ್ರೆಡಿ ಮರ್ಕ್ಯುರಿಯ ಚೀಟಿ ತಂದಿತು. ಅವರು ತೀರಿಕೊಂಡು ಏಳೂವರೆ ವರ್ಷವಾಗಿತ್ತು, ತೊಂದರೆ ಇರಲಿಲ್ಲ. ಆದರೆ ವೇದಿಕೆಯ ಫೋಟೊದಲ್ಲಿ ಹಿಂದೆ ಡ್ರಮ್ಸ್ ಬಾರಿಸುತ್ತಿದ್ದ ರೋಜರ್ ಟೇಲರ್ ಕೂಡ ಕಾಣಿಸುತ್ತಿದ್ದರು. ಅವರು ಗಟ್ಟಿಮುಟ್ಟಾಗಿ ಬದುಕಿದ್ದರು! ರಾಜಮನೆತನದವರನ್ನು ಬಿಟ್ಟರೆ ಬದುಕಿರುವ ಯಾರೂ ಚೀಟಿಯಲ್ಲಿ ಬರಬಾರದು ಅನ್ನುವ ಸಂಪ್ರದಾಯದ ಕಾಲ ಅದು. ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ ಸಿಕ್ಕಿತು.

ಎರಡನೇ ಬಾಗಿಲು ಅಂದೆನಲ್ಲ, ಅದು ಇದೇ. ವಿಷಯ ಸರಿ, ಚಿತ್ರದಲ್ಲಿ ಎಡವಟ್ಟು.

ಚಿತ್ರ ತಯಾರಾಗುವ ರೀತಿ ಹೀಗಿದೆ. ವಿಷಯ ಗೊತ್ತಾದ ಮೇಲೆ ಕಲಾ ನಿರ್ದೇಶಕರು ಚಿತ್ರಕಾರರನ್ನು ಹುಡುಕುತ್ತಾರೆ. ಮೊದಲು ಪೆನ್ಸಿಲ್ ಕರಡುಗಳು, ಒಂದಲ್ಲ, ಹತ್ತಾರು. ಚಿತ್ರವನ್ನು ಕಂಪ್ಯೂಟರ್ ಪರದೆಯ ತುಂಬ ಹರಡಿಕೊಂಡು ನೋಡಿದರೆ ಎಲ್ಲವೂ ಚಂದವೇ. ಅದನ್ನು ಚೀಟಿಯ ಗಾತ್ರಕ್ಕೆ ಇಳಿಸಿ, ಕಾಗದದ ಮೇಲೆ ತೆಗೆದು, ತೋಳಿನಷ್ಟು ದೂರ ಹಿಡಿದು ನೋಡಬೇಕು. ಆಗ ಅರ್ಧ ಚಿತ್ರಗಳು ಕಲಸಿಹೋಗಿರುತ್ತವೆ. ಹಿನ್ನೆಲೆಯ ಬೆಟ್ಟ ಬರೀ ಕೊಳೆಯ ಹಾಗೆ ಕಾಣುತ್ತದೆ. ಎರಡು ಮುಖಗಳಿದ್ದರೆ ಎರಡೂ ಕಡಲೆಕಾಳು. ಅಷ್ಟರಲ್ಲೇ ದೇಶದ ಹೆಸರು, ಮುಖಬೆಲೆ, ವ್ಯಕ್ತಿಯ ಹೆಸರು ಎಲ್ಲವೂ ಕೂರಬೇಕು. ಅದರ ಮೇಲೆ ಒಂದು ಕರಿ ಠಸ್ಸೆ ಬೀಳುತ್ತದೆ ಅನ್ನುವುದು ಬೇರೆ. ಅದಕ್ಕೇ ಬಲ್ಲ ವಿನ್ಯಾಸಕರು ಸೇರಿಸುವುದಕ್ಕಿಂತ ತೆಗೆಯುವುದರಲ್ಲೇ ಜಾಸ್ತಿ ಹೊತ್ತು ಕಳೆಯುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ಅರ್ನಾಲ್ಡ್ ಮೇಚಿನ್. ಇವರು ಶಿಲ್ಪಿ. ಎರಡನೇ ಎಲಿಜಬೆತ್ ರಾಣಿಯ ಪಕ್ಕಮುಖವನ್ನು ಮೊದಲು ಪ್ಲಾಸ್ಟರಿನಲ್ಲಿ ಉಬ್ಬುಚಿತ್ರವಾಗಿ ಮಾಡಿದರು. ಅದರ ಮೇಲೆ ಬೆಳಕು ಬಿಟ್ಟು ಫೋಟೊ ತೆಗೆದು ಚೀಟಿ ಮಾಡಿದರು. ಒಂದೇ ಬಣ್ಣ, ಒಂದು ತಲೆ, ಒಂದು ಅಂಕಿ, ಮುಗಿಯಿತು. 1967ರಲ್ಲಿ ಬಂದ ಆ ಚೀಟಿ ಬಣ್ಣ ಬದಲಿಸುತ್ತಾ ಅರ್ಧ ಶತಮಾನಕ್ಕೂ ಮೀರಿ ನಡೆಯಿತು. ಅದಕ್ಕೂ ಸ್ವಲ್ಪ ಮುಂಚೆ ಅಲ್ಲಿ ದೊಡ್ಡ ಹಗ್ಗಜಗ್ಗಾಟ ನಡೆದಿತ್ತು. ಅಂಚೆ ಮಂತ್ರಿ ಟೋನಿ ಬೆನ್ ಮತ್ತು ವಿನ್ಯಾಸಕ ಡೇವಿಡ್ ಜೆಂಟಲ್‌ಮನ್, ವಿಶೇಷ ಚೀಟಿಗಳಲ್ಲಿ ರಾಣಿಯ ದೊಡ್ಡ ತಲೆಯೇ ಜಾಗ ತಿನ್ನುತ್ತದೆ, ತೆಗೆದುಬಿಡೋಣ ಅಂತ ಹೊರಟರು. ಬೆನ್ 1965ರಲ್ಲಿ ಹೊಸ ವಿನ್ಯಾಸಗಳನ್ನು ಅರಮನೆಗೇ ಒಯ್ದು ರಾಣಿಯ ಮುಂದೆ ನೆಲದ ಮೇಲೆ ಹರಡಿ ತೋರಿಸಿದರು. ತಲೆ ಹೋಗಲಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ನೆರಳುಚಿತ್ರವಾಗಿ ಉಳಿಯಿತು. ಬ್ರಿಟನ್ನಿನ ಚೀಟಿಗಳ ಮೇಲೆ ದೇಶದ ಹೆಸರು ಇರುವುದಿಲ್ಲ, ಆ ತಲೆಯೇ ದೇಶದ ಹೆಸರು. ಹಾಗಾಗಿ ತೆಗೆಯುವುದು ಸುಮ್ನೆ ಮಾತಲ್ಲ.

ಎರಡನೇ ಬಾಗಿಲಿನ ಅವಾಂತರಗಳ ಪಟ್ಟಿ ಉದ್ದವಿದೆ. 1956ರಲ್ಲಿ ಪೂರ್ವ ಜರ್ಮನಿ ಸಂಗೀತಗಾರ ಶೂಮನ್ ಅವರ ಚೀಟಿ ತಂದಿತು, ಹಿನ್ನೆಲೆಗೆ ಹಾಕಿದ ಸ್ವರಲಿಪಿ ಶೂಬರ್ಟ್ ಅವರದ್ದು. ಮತ್ತೆ ಅಚ್ಚು ಹಾಕಿಸಬೇಕಾಯಿತು. 1968ರಲ್ಲಿ ಚೀನಾ ‘ಇಡೀ ದೇಶ ಕೆಂಪು’ ಅನ್ನುವ ಚೀಟಿ ತಂದು, ನಕ್ಷೆ ಸರಿ ಇಲ್ಲ ಅಂತ ಗೊತ್ತಾಗಿ ಒಂದು ದಿನ ಕಳೆಯುವುದರೊಳಗೆ ವಾಪಸ್ ಪಡೆಯಿತು. ಅಷ್ಟರಲ್ಲಿ ಹೊರಹೋದ ಕೆಲವು ಚೀಟಿಗಳಿಗೆ ಈಗ ಹರಾಜಿನಲ್ಲಿ ಹುಚ್ಚು ಬೆಲೆ. 2001ರಲ್ಲಿ ಜರ್ಮನಿ ನಟಿ ಆಡ್ರಿ ಹೆಪ್‌ಬರ್ನ್ ಅವರ 1.4 ಕೋಟಿ ಚೀಟಿ ಅಚ್ಚು ಹಾಕಿಸಿತು. ಬಾಯಲ್ಲಿ ಸಿಗರೇಟು ಕೊಳವೆ ಇರುವ ಚಿತ್ರ. ಮಗ ಒಪ್ಪಲಿಲ್ಲ, ಎಲ್ಲವನ್ನೂ ನಾಶ ಮಾಡಬೇಕಾಯಿತು. ಎರಡು ಮಂಡಳಿಗಳಿರುವ ದೇಶದಲ್ಲೇ ಹೀಗಾಯಿತು ನೋಡಿ. ಮೊದಲು ಮನೆಯವರನ್ನು ಕೇಳಿ, ಆಮೇಲೆ ಅಚ್ಚು ಹಾಕಿಸಿ ಅನ್ನುವುದು ಯಾರ ಕೆಲಸ ಅಂತ ಯಾರಿಗೂ ಅನ್ನಿಸಿರಲಿಲ್ಲವೋ ಏನೋ.

ಸಿಗರೇಟಿನ ವಿಷಯದಲ್ಲಿ ಅಮೆರಿಕ ಬೇರೆ ದಾರಿ ಹಿಡಿಯಿತು. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅವರ 1994ರ ಚೀಟಿಗೆ ಆಧಾರವಾದ ಫೋಟೊದಲ್ಲಿ ತುಟಿಯ ನಡುವೆ ಸಿಗರೇಟಿದೆ. ಚೀಟಿಯಲ್ಲಿ ಇಲ್ಲ. 1999ರಲ್ಲಿ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರದ್ದೂ ಹೀಗೇ ಮಾಯವಾಯಿತು. ಮಕ್ಕಳು ನೋಡುವ ಚೀಟಿ, ಸರಿ. ಆದರೂ ಇತಿಹಾಸದ ಫೋಟೊ ಒಂದನ್ನು ಒರೆಸಿ ಇದೇ ಇತಿಹಾಸ ಅಂತ ಸರ್ಕಾರಿ ಮುದ್ರೆ ಹಾಕುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಸಿಗರೇಟು ಬೇಡವೆಂದರೆ ಬೇರೆ ಚಿತ್ರವನ್ನೇ ಬರೆಸಬಹುದಿತ್ತು.

ಒಂದು ಚಿತ್ರಕ್ಕೆ ಎಷ್ಟು ಶಕ್ತಿ ಇರಬಹುದು ಅನ್ನುವುದಕ್ಕೆ 1902ರ ಕಥೆ ಚೆನ್ನಾಗಿದೆ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸೇರಿಸುವ ಕಾಲುವೆಯನ್ನು ನಿಕರಾಗುವಾದಲ್ಲಿ ತೋಡಬೇಕೋ ಪನಾಮಾದಲ್ಲೋ ಅಂತ ಅಮೆರಿಕದ ಸೆನೆಟ್ ಚರ್ಚಿಸುತ್ತಿತ್ತು. ಪನಾಮಾ ಪರ ಓಡಾಡುತ್ತಿದ್ದ ಫಿಲಿಪ್ ಬ್ಯುನೊ ವರಿಯಾ ಅನ್ನುವ ಫ್ರೆಂಚ್ ಎಂಜಿನಿಯರ್ ವಾಷಿಂಗ್ಟನ್ನಿನ ಚೀಟಿ ಅಂಗಡಿಗಳನ್ನು ಸುತ್ತಿ ನಿಕರಾಗುವಾದ ಒಂದು ಚೀಟಿಯನ್ನು ಕೊಂಡು ಗುಡ್ಡೆ ಹಾಕಿದ. ಅದರಲ್ಲಿ ಮೊಮೊಟೊಂಬೊ ಜ್ವಾಲಾಮುಖಿ ಹೊಗೆ ಉಗುಳುತ್ತಿತ್ತು. ಒಬ್ಬೊಬ್ಬ ಸೆನೆಟರಿಗೂ ಒಂದೊಂದು ಕಳಿಸಿದ. ನೋಡಿ, ಆ ದೇಶದ ಸರ್ಕಾರವೇ ಒಪ್ಪಿಕೊಂಡಿದೆ, ಅಲ್ಲಿ ಜ್ವಾಲಾಮುಖಿ ಇದೆ ಅಂತ! ಆ ಬೆಟ್ಟ ಕಾಲುವೆಯ ದಾರಿಯಿಂದ ಎಲ್ಲೋ ದೂರದಲ್ಲಿತ್ತು, ಅದು ಬೇರೆ ಮಾತು. ಸೆನೆಟ್ ಪನಾಮಾಕ್ಕೆ ಮತ ಹಾಕಿತು. ಚೀಟಿಯೊಂದೇ ಕಾರಣ ಅನ್ನಲಾಗದು. ಆದರೆ ನಮ್ಮ ಬೆಟ್ಟ ಎಷ್ಟು ಚಂದ ಅಂತ ಚೀಟಿಗೆ ಹಾಕಿದವರು ಇದನ್ನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಇದೆಲ್ಲ ಬೇಡ, ಜನರನ್ನೇ ಕೇಳಿಬಿಡೋಣ ಅನ್ನುವ ದಾರಿಯೂ ಇದೆ. 1992ರಲ್ಲಿ ಅಮೆರಿಕ ಎಲ್ವಿಸ್ ಪ್ರೆಸ್ಲಿಯ ಎರಡು ಚಿತ್ರ ಮುಂದಿಟ್ಟು ಮತ ಕೇಳಿತು. ಒಂದರಲ್ಲಿ ಹುಡುಗ ಎಲ್ವಿಸ್, ಇನ್ನೊಂದರಲ್ಲಿ ವಯಸ್ಸಾದ, ಮಿರಿಮಿರಿ ಬಟ್ಟೆಯ ಎಲ್ವಿಸ್. 10 ಲಕ್ಷಕ್ಕೂ ಮೀರಿ ಮತ ಬಂದವು, ಮುಕ್ಕಾಲು ಪಾಲು ಹುಡುಗನಿಗೇ. 1993ರ ಜನವರಿಯಲ್ಲಿ ಬಂದ ಆ ಚೀಟಿ 50 ಕೋಟಿಗೂ ಜಾಸ್ತಿ ಅಚ್ಚಾಯಿತು. 2022ರಲ್ಲಿ ಯುದ್ಧದ ನಡುವೆ ಉಕ್ರೇನಿನ ಅಂಚೆ ಕೂಡ ಹೀಗೇ ಮಾಡಿತು. ರಷ್ಯಾದ ಯುದ್ಧನೌಕೆಯ ಎದುರು ಒಬ್ಬ ಸೈನಿಕ ನಿಂತ ಚಿತ್ರ ಆನ್‌ಲೈನ್ ಮತದಲ್ಲಿ ಗೆದ್ದಿತು. ಏಪ್ರಿಲ್ 12ರಂದು ಚೀಟಿ ಬಂತು, ಎರಡು ದಿನಕ್ಕೆ ರಷ್ಯಾದ ಮಾಸ್ಕ್ವಾ ಯುದ್ಧನೌಕೆಯೇ ಮುಳುಗಿತು. ಚೀಟಿಗೆ ಜನ ಸಾಲುಗಟ್ಟಿ ನಿಂತರು. ಎರಡೂ ಕಡೆ ಜನರನ್ನು ಕೇಳಿದ್ದು ಎರಡನೇ ಬಾಗಿಲಿನ ಪ್ರಶ್ನೆ: ಯಾವ ಚಿತ್ರ? ವಿಷಯ ಮೊದಲೇ ತೀರ್ಮಾನವಾಗಿತ್ತು. ಬಹುಶಃ ಅದಕ್ಕೇ ಕೆಲಸ ಸುಸೂತ್ರವಾಗಿ ನಡೆಯಿತು.

ಎಲ್ವಿಸ್ ಚೀಟಿ ಇಲಾಖೆಗಳಿಗೆ ಒಂದು ರುಚಿ ಹತ್ತಿಸಿತು. ಸಂಗ್ರಾಹಕರು ಕೊಂಡು ಆಲ್ಬಮ್ಮಿನಲ್ಲಿ ಇಟ್ಟ ಚೀಟಿಗೆ ಇಲಾಖೆ ಕಾಗದ ಹೊರಬೇಕಾಗಿಲ್ಲ. ಹೆಚ್ಚುಕಮ್ಮಿ ಪೂರ್ತಿ ಲಾಭ. ಈ ಲೆಕ್ಕ ಹೊಸದೇನಲ್ಲ. 1960ರ ದಶಕದಲ್ಲಿ ಅಜ್ಮಾನ್‌ನಂಥ ಕೊಲ್ಲಿಯ ಪುಟ್ಟ ಸಂಸ್ಥಾನಗಳ ಹೆಸರಿನಲ್ಲಿ ಹೊರಗಿನ ವ್ಯಾಪಾರಿಗಳು ರಾಶಿಗಟ್ಟಲೆ ಚೀಟಿ ಅಚ್ಚು ಹಾಕಿಸಿದರು. ಬಾಹ್ಯಾಕಾಶ, ಒಲಿಂಪಿಕ್ಸ್, ಯುರೋಪಿನ ಚಿತ್ರಕಲೆ, ಏನು ಬೇಕು ಅದು. ಸಂಗ್ರಾಹಕರು ಇವನ್ನು ‘ಮರಳು ದಿಬ್ಬ’ದ ಚೀಟಿಗಳು ಅಂತ ತಮಾಷೆ ಮಾಡುತ್ತಾರೆ. ಭೂತಾನ್ ಕೂಡ ಸಂಗ್ರಾಹಕರನ್ನೇ ನಂಬಿಕೊಂಡು ಚೀಟಿ ಮಾಡಿತು, ಆದರೆ ಸೊಗಸಾಗಿ ಮಾಡಿತು. 1970ರ ದಶಕದ ಆರಂಭದಲ್ಲಿ ಅದು ತಂದ ಚೀಟಿಗಳು ನಿಜವಾದ ಪುಟ್ಟ ಗ್ರಾಮಫೋನ್ ತಟ್ಟೆಗಳು. ಪ್ಲೇಯರಿಗೆ ಹಾಕಿದರೆ ಹಾಡು ಬರುತ್ತಿತ್ತು.

ವಿಶ್ವ ಅಂಚೆ ಒಕ್ಕೂಟ ಇದಕ್ಕೆಲ್ಲ ಕಡಿವಾಣ ಹಾಕಲು ನೋಡಿದೆ. ಚೀಟಿಯ ವಿಷಯಕ್ಕೂ ದೇಶಕ್ಕೂ ಹತ್ತಿರದ ನಂಟಿರಬೇಕು, ಯಾರನ್ನೂ ನೋಯಿಸುವ ರಾಜಕೀಯ ಇರಬಾರದು ಅಂತ ಅದರ ನಿಯಮ. 2002ರಿಂದ ಅಸಲಿ ಚೀಟಿಗಳಿಗೆ ನಂಬರ್ ಕೊಡುವ ಪಟ್ಟಿಯೂ ಇದೆ. ಆದರೆ ಒಕ್ಕೂಟದ ಕೈಯಲ್ಲಿ ಬೆತ್ತವಿಲ್ಲ.

ದೊಡ್ಡ ದೇಶಗಳೂ ಈ ಆಸೆಯಿಂದ ಹೊರತಲ್ಲ. 2009ರಲ್ಲಿ ಅಮೆರಿಕ ಸಿಂಪ್ಸನ್ಸ್ ಕಾರ್ಟೂನಿನ 100 ಕೋಟಿ ಚೀಟಿ ಅಚ್ಚು ಹಾಕಿಸಿತು, ಎಲ್ವಿಸ್‌ನ ಹೆಚ್ಚುಕಮ್ಮಿ ಎರಡರಷ್ಟು. ಮಾರಾಟವಾದದ್ದು 31.8 ಕೋಟಿ. ಉಳಿದ ರಾಶಿಯ ಅಚ್ಚಿನ ಖರ್ಚು 12 ಲಕ್ಷ ಡಾಲರ್ ದಂಡ ಅಂತ ಲೆಕ್ಕ ತಪಾಸಣೆಯಲ್ಲಿ ಬಂತು. 2013ರಲ್ಲಿ ಹ್ಯಾರಿ ಪಾಟರ್ ಸಿನಿಮಾಗಳ 20 ಚೀಟಿ ಬಂದಾಗ ಸಲಹಾ ಸಮಿತಿಯವರಿಗೇ ಸಿಟ್ಟು ಬಂತು. ಕಥೆ ಅಮೆರಿಕದ್ದಲ್ಲ, ಅದಕ್ಕಿಂತ ಹೆಚ್ಚಾಗಿ ತಮ್ಮನ್ನು ಕೇಳಿಯೇ ಇಲ್ಲ ಅಂತ. ಹತ್ತಾರು ಸಾವಿರ ಜನರಿಗೆ ನಿಯಮ ತೋರಿಸಿ ‘ಬೇಡ’ ಅಂದ ಇಲಾಖೆ ತನಗೆ ಬೇಕಾದಾಗ ಆ ನಿಯಮವನ್ನು ಪಕ್ಕಕ್ಕಿಟ್ಟಿತು.

ದುಡ್ಡಿನ ಬದಲು ರಾಜಕೀಯ ಬಂದಾಗಲೂ ಇದೇ ಕಥೆ. 2015ರಲ್ಲಿ ಭಾರತ ನಿತ್ಯ ಬಳಕೆಯ ಚೀಟಿಗಳಿಂದ ಇಂದಿರಾ ಗಾಂಧಿ ಮತ್ತು ರಾಜೀವ್ ಗಾಂಧಿಯವರ ಚಿತ್ರ ಕೈಬಿಟ್ಟು ಹೊಸ ಸರಣಿ ತಂದಾಗ ಗದ್ದಲವಾಯಿತು. ವಿಶೇಷ ಚೀಟಿ ಒಂದು ಸಲ ಅಚ್ಚಾಗಿ ಮುಗಿಯುತ್ತದೆ, ನಿತ್ಯದ ಚೀಟಿ ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚಾಗುತ್ತದೆ. ಅದಕ್ಕೇ ಅಲ್ಲಿನ ಜಾಗಕ್ಕೆ ತೂಕ ಜಾಸ್ತಿ.

ಈಗ ಕಾಗದ ಬರೆಯುವವರೇ ಕಡಿಮೆ. ಡೆನ್ಮಾರ್ಕಿನ ಅಂಚೆ ಸಂಸ್ಥೆ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು. ಹಲವು ದೇಶಗಳಲ್ಲಿ ದುಡ್ಡು ಕಟ್ಟಿದರೆ ನಮ್ಮದೇ ಫೋಟೊ ಹಾಕಿದ ಚೀಟಿ ಸಿಗುತ್ತದೆ. ಅದಕ್ಕೆ ಸಮಿತಿ ಇಲ್ಲ, ಕಾಯುವ ವರ್ಷಗಳೂ ಇಲ್ಲ. 2020ರಲ್ಲಿ ಭಾರತದ ಒಂದು ಅಂಚೆ ಕಚೇರಿಯಿಂದ ಇಬ್ಬರು ಕುಖ್ಯಾತ ಅಪರಾಧಿಗಳ ಮುಖವಿರುವ ಚೀಟಿಗಳು ಹೀಗೇ ಹೊರಬಂದವು. ಕೌಂಟರಿನಲ್ಲಿ ಕೂತವರು ಫೋಟೊ ತಗೊಂಡರು, ದುಡ್ಡು ತಗೊಂಡರು, ಕೊಟ್ಟರು. ಸುದ್ದಿಯಾದ ಮೇಲೆ ವಿಚಾರಣೆ ನಡೆಯಿತು.

ಇಷ್ಟೆಲ್ಲ ಆದರೂ ಸಮಿತಿಗಳ ಮೇಜಿನ ಮೇಲೆ ಅರ್ಜಿಗಳ ಕಟ್ಟು ಕರಗಿಲ್ಲ. ನಿಮಗೂ ಒಂದು ಹೆಸರು ಸೂಚಿಸಬೇಕು ಅನ್ನಿಸಿದರೆ ಎರಡು ಮೂರು ವರ್ಷ ಮೊದಲೇ ಕಳಿಸಬೇಕು. ಶತಮಾನೋತ್ಸವದಂಥ ತಾರೀಖು ಹತ್ತಿರವಿದ್ದರೆ ಒಳ್ಳೆಯದು. ಚಿತ್ರ ಬರೆದು ಕಳಿಸುವ ಗೋಜಿಗೆ ಹೋಗಬೇಡಿ, ಸಾಮಾನ್ಯವಾಗಿ ಅದನ್ನು ನೋಡುವುದಿಲ್ಲ. ಅಮೆರಿಕದ ಸಮಿತಿಗಂತೂ ಇಮೇಲ್ ಕಳಿಸಿದರೆ ಆಗುವುದಿಲ್ಲ. ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಚೀಟಿ ಅಂಟಿಸಿಯೇ ಕಳಿಸಬೇಕು.